ಮಲಸಮುದ್ರಕ್ಕೆ ಬಾರದ ಜನ

ಬಾಸೆಲ್ ಮಿಷನ್ ಎಂದ ಕೂಡಲೇ ನಮಗೆ ನೆನಪಾಗುವುದು ಮಂಗಳೂರು ಹಂಚು, ಕಿಟೆಲ್ಲರ ನಿಘಂಟು, 1843ರ ‘ಮಂಗಳೂರು ಸಮಾಚಾರ’. ಈ ಮೂರನ್ನೂ ಹೊಗಳಿ ಕೈತೊಳೆದುಕೊಳ್ಳುವ ಚಾಳಿ ಪುರವಣಿಗಳಿಗೆ ಅಂಟಿ ಬಹಳ ಕಾಲವಾಯಿತು. ಆ ಪಾದ್ರಿಗಳು ಹಡಗು ಹತ್ತಿದ್ದು ಹಂಚು ಸುಡಲಿಕ್ಕಲ್ಲ. ಪಶ್ಚಾತ್ತಾಪಪಟ್ಟು ದೇವರ ಕಡೆ ತಿರುಗಿರಿ ಎಂದು ಸಾರಲಿಕ್ಕೆ. ಆ ಪಶ್ಚಾತ್ತಾಪ ನಮ್ಮ ಬಯಲುಸೀಮೆಯಲ್ಲಿ ಎಂಥ ರೂಪ ತಳೆಯಿತು ಎಂದು ಕೇಳುವವರೇ ಇಲ್ಲ. ಇಲ್ಲಿನ ಸಭೆಗಳಲ್ಲಿ ಬಾಯಿಮಾತಿನ ನಂಬಿಕೆಗಿಂತ ದಿನದ ನಡತೆಯನ್ನೇ ಅಳೆಯುವ ಕಟ್ಟುನಿಟ್ಟು ಬೆಳೆಯಿತಲ್ಲ, ಅದಕ್ಕೆ ಜರ್ಮನಿಯ ಗ್ರಂಥಗಳಷ್ಟೇ ಕಾರಣವಲ್ಲ. ಗದಗ ಸೀಮೆಯಲ್ಲಿ ಅವರು ತಿಂದ ಒಂದು ಪೆಟ್ಟಿಗೂ ಅದರಲ್ಲಿ ಪಾಲಿದೆ ಎಂಬುದು ನನ್ನ ವಾದ.

ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಇಳಿದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಹುಬ್ಬಳ್ಳಿಯಲ್ಲಿ ಹೆಚ್ಚು ದಿನ ಕಳೆಯುವ ಮೊದಲೇ ಕಾಲಜ್ಞಾನದವರು ಅವರನ್ನು ಹುಡುಕಿಕೊಂಡು ಬಂದರು. ಕೊಡೇಕಲ್ ಬಸವಣ್ಣನ ನಾಡಿಗೆ ಕಾಲಜ್ಞಾನ ಹೊಸದೇನಲ್ಲ. ಮುಂದೆ ಬರುವವರ ಸುದ್ದಿಯನ್ನು ಹಿಂದಿನವರು ಬರೆದಿಟ್ಟಿದ್ದಾರೆ ಎಂದು ನಂಬಿದ ಮನೆತನಗಳು ಕೃಷ್ಣೆಯ ಎರಡೂ ದಂಡೆಯಲ್ಲಿದ್ದವು. ತಮ್ಮ ಓಲೆಗಳಲ್ಲಿ ಹೇಳಿದವರು ನೀವೇ ಇರಬೇಕು, ನಮ್ಮ ಮಂದಿಯೆಲ್ಲ ನಿಮ್ಮ ಹಿಂದೆ ಬರುತ್ತಾರೆ ಎಂಬ ಮಾತು ಕೇಳಿದ ಪಾದ್ರಿಗಳಿಗೆ ಸ್ವರ್ಗಕ್ಕೆ ಮೂರೇ ಗೇಣು. ಹಳ್ಳಿಗೆ ಹಳ್ಳಿಯೇ ಬರುವುದಾದರೆ ಅವರನ್ನು ಇರಿಸುವುದೆಲ್ಲಿ? ಗದಗಿನ ಹತ್ತಿರದ ಮಲಸಮುದ್ರದಲ್ಲಿ 1841ರ ಸುಮಾರಿಗೆ ಜಮೀನು ಹಿಡಿದು, ದುಡಿದು ಉಣ್ಣುವ ಒಂದು ಕ್ರೈಸ್ತ ಒಕ್ಕಲು ವಸಾಹತು ಕಟ್ಟಲು ಹೊರಟರು. ಎಣಿಸಿದ ಜನ ಬರಲಿಲ್ಲ. ಭವಿಷ್ಯವನ್ನು ಒಪ್ಪಿದವರು ಬದುಕನ್ನು ಬದಲಿಸಲು ಒಪ್ಪಲಿಲ್ಲ. ಅವರನ್ನು ಮೋಸಗಾರರೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಅವರು ಕಾಯುತ್ತಿದ್ದುದು ಒಂದು ಯುಗ ಮುಗಿಯುವುದನ್ನು. ಇವರು ಕೊಟ್ಟದ್ದು ಹೊಲ, ದುಡಿಮೆ ಮತ್ತು ನಿಯಮ.

ಆ ಬಳಿಕ ಮಿಷನ್ ಮಾತಿಗೆ ಮರುಳಾಗಲಿಲ್ಲ. ನೇಕಾರರ ಊರಾದ ಗುಳೇದಗುಡ್ಡದಲ್ಲಿ 1851ರಲ್ಲಿ ಕೇಂದ್ರ ತೆರೆಯಿತು. ಅದೇ ಹೊತ್ತಿಗೆ, 1851–52ರಲ್ಲಿ, ಬಾಸೆಲ್ಲಿನ ಮುಖ್ಯಾಧಿಕಾರಿ ಯೋಸೆಫ್ ಯೋಸೆನ್‌ಹಾನ್ಸ್ ಭಾರತಕ್ಕೆ ಬಂದು ಕೇಂದ್ರಗಳನ್ನು ನೋಡಿಹೋದರು. ಮುಂದೆ ಸಭೆಗಳಿಗೆ ಬರಹದ ನಿಯಮಾವಳಿಯೇ ಬಂತು. ದೀಕ್ಷಾಸ್ನಾನ ಕೇಳಿದವನು ಕಾಯಬೇಕು. ಕುಡಿತ ಬಿಡಬೇಕು, ಜಾತಿಯ ಮೇಲುಕೀಳು ಬಿಡಬೇಕು, ಭಾನುವಾರ ಮಗ್ಗ ನಿಲ್ಲಿಸಬೇಕು. ತಪ್ಪಿದವನಿಗೆ ಮೊದಲು ಬುದ್ಧಿಮಾತು, ಆಮೇಲೆ ಕರ್ತನ ಭೋಜನಕ್ಕೆ ತಡೆ, ಕೊನೆಗೆ ಸಭೆಯಿಂದ ಹೊರಗೆ. ಮರಳಬೇಕಾದರೆ ಹಿರಿಯರ ಎದುರು ತಪ್ಪೊಪ್ಪಿಕೊಂಡು, ತಿದ್ದಿಕೊಂಡದ್ದನ್ನು ತೋರಿಸಬೇಕು. ನಂಬಿಕೆಯೊಂದೇ ಸಾಕು ಎಂದ ಲೂಥರನ ಮಕ್ಕಳು ಹೀಗೆ ಕ್ರಿಯೆಯ ಲೆಕ್ಕ ಇಡಬಹುದೇ? ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರದ ಬಗ್ಗೆ ಲೂಥರನಿಗೆ ಅಸಮಾಧಾನವಿದ್ದದ್ದು ನಿಜ. ಆದರೆ 1517ರ ಅವನ ತೊಂಬತ್ತೈದು ಸೂತ್ರಗಳಲ್ಲಿ ಮೊದಲನೆಯದೇ, ವಿಶ್ವಾಸಿಯ ಇಡೀ ಬಾಳು ಪಶ್ಚಾತ್ತಾಪವಾಗಿರಬೇಕು ಎನ್ನುತ್ತದೆ. ಲೂಕನ ಸುವಾರ್ತೆಯ ಸ್ನಾನಿಕ ಯೋಹಾನನೂ, ಏನು ಮಾಡಬೇಕು ಎಂದು ಕೇಳಿದವರಿಗೆ ಅಳಲು ಹೇಳುವುದಿಲ್ಲ. ಎರಡು ಅಂಗಿಯಿದ್ದರೆ ಒಂದನ್ನು ಕೊಡಲು, ಸುಂಕ ಹೆಚ್ಚು ಎತ್ತದಿರಲು ಹೇಳುತ್ತಾನೆ. ಸುಂಕದ ಜಕ್ಕಾಯ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಮುಂದಾದ. ಕ್ರಿಯೆ ರಕ್ಷಣೆಯ ಬೆಲೆಯಲ್ಲ, ಅದರ ಫಲ ಎಂಬ ನಿಲುವಿಗೆ ಇಷ್ಟು ಆಧಾರ ಸಾಕು.

ಇದಕ್ಕೆ ಮೊದಲ ಆಕ್ಷೇಪ ಹೊಟ್ಟೆಯದು. 1876–78ರ ಬರ ಗುಳೇದಗುಡ್ಡವೂ ಸೇರಿದ್ದ ಆಗಿನ ಕಲಾದಗಿ ಜಿಲ್ಲೆಯನ್ನು ಹುರಿದು ಮುಕ್ಕಿತು. ಅಂಥ ಹೊತ್ತಿನಲ್ಲಿ ಅನ್ನ ಹಾಕಿದವರ ದೇವರನ್ನು ಒಪ್ಪಿದರೆ ಅದು ಪಶ್ಚಾತ್ತಾಪವೇ? ಈ ಶಂಕೆ ಪಾದ್ರಿಗಳಿಗೂ ಇತ್ತು, ಕಾಯಿಸುವ ನಿಯಮ ಇದ್ದದ್ದೇ ಅದಕ್ಕೆ. ಹಸಿದು ಬಂದವನ ಮನಸ್ಸು ಮುಂದೆಂದೂ ತಿರುಗಲಾರದು ಎನ್ನುವುದು ಬಡವನಿಗೆ ಆತ್ಮವೇ ಇಲ್ಲ ಎಂದಂತೆ. ಎರಡನೆಯ ಆಕ್ಷೇಪ, ಇದೆಲ್ಲ ಪರದೇಶಿ ಸರಕು ಎಂಬುದು. ನಿಯಮಾವಳಿ ಪರದೇಶದ್ದು, ಒಪ್ಪಿದೆ. ಆದರೆ 1885ರಲ್ಲಿ ಕಲಾದಗಿಯ ಬದಲು ಜಿಲ್ಲಾ ಕೇಂದ್ರವಾದ ವಿಜಯಪುರದ ಸುತ್ತಣ ನೆಲ ನೋಡಿ: ಒಂದು ಕಡೆ ಸೊಲ್ಲಾಪುರ ರಸ್ತೆಯಲ್ಲಿ ರೇವಣಸಿದ್ಧೇಶ್ವರನ ಹೊರ್ತಿ, ಇನ್ನೊಂದು ಕಡೆ ಬಸವಣ್ಣ ಹುಟ್ಟಿದ ಬಾಗೇವಾಡಿ. ಆಚಾರವಿಲ್ಲದ ಭಕ್ತಿಯನ್ನು ಹಳಿದ, ಕಾಯಕ ಬಿಟ್ಟವನನ್ನು ಒಪ್ಪದ, ಸಮುದಾಯದ ನಡತೆಗೆ ಗಣಾಚಾರವೆಂದು ಹೆಸರಿಟ್ಟ ನೆಲ ಇದು. ಮಿಷನ್ನಿನವರು ಶರಣರಿಂದ ಕಲಿತರು ಎಂದು ನಾನು ಹೇಳುತ್ತಿಲ್ಲ, ಕಲಿತಿದ್ದರೆ ಚೆನ್ನಾಗಿತ್ತು. ಕೇಳುವವರ ಕಿವಿಗೆ ಈ ಮಾತು ಹೊಸದಾಗಿರಲಿಲ್ಲ ಎಂದಷ್ಟೇ.

ಮೂರನೆಯ ಆಕ್ಷೇಪಕ್ಕೆ ನನ್ನಲ್ಲಿ ಅರ್ಧ ಉತ್ತರ ಮಾತ್ರ ಇದೆ. ಕುಲ ಬಿಟ್ಟು ಬಂದವನಿಗೆ ಕೆಲಸ, ಶಾಲೆ, ಆಸರೆ ಎಲ್ಲ ಮಿಷನ್ನಿನದೇ ಆದಾಗ ತಪ್ಪೊಪ್ಪಿಗೆಯಲ್ಲಿ ಭಯವೆಷ್ಟು, ಪಶ್ಚಾತ್ತಾಪವೆಷ್ಟು? 1914ರ ಯುದ್ಧ ಇದನ್ನು ಒಂದು ಮಟ್ಟಿಗೆ ಪರೀಕ್ಷಿಸಿತು. ಜರ್ಮನ್ ಪಾದ್ರಿಗಳನ್ನು ಸರ್ಕಾರ ಬಂಧಿಸಿತು, ದೇಶದಿಂದ ಕಳಿಸಿತು. ಮಿಷನ್ನಿನ ಕಾರ್ಖಾನೆಗಳು ಪರರ ಪಾಲಾದವು. ಭಯವೊಂದೇ ಕಟ್ಟಿದ್ದರೆ ಸಭೆಗಳು ಆಗಲೇ ಚದುರಬೇಕಿತ್ತು. ಚದುರಲಿಲ್ಲ, 1947ರಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಯೊಳಗೆ ಅವು ಮುಂದೆ ಸೇರಿಕೊಂಡವು. ಉಳಿದರ್ಧ ಉತ್ತರ ಅಷ್ಟು ಹಿತವಾದದ್ದಲ್ಲ. ನೇಕಾರ ಸಭೆಯ ಮುಂದೆ ನಿಲ್ಲಬೇಕಿತ್ತು, ಪಾದ್ರಿ ಅದೇ ಸಭೆಯ ಮುಂದೆ ನಿಲ್ಲಬೇಕಿರಲಿಲ್ಲ. ಅವನ ತಪ್ಪನ್ನು ವಿಚಾರಿಸುವವರು ಸಮುದ್ರದಾಚೆ ಇದ್ದರು. ಈಗ ಪವಿತ್ರ ಭೋಜನಕ್ಕೆ ಮೊದಲು ಸಭಾಪಾಲಕರೂ ಸಭಿಕರೂ ಒಟ್ಟಿಗೆ ಪಾಪನಿವೇದನೆ ಓದುತ್ತಾರೆ, ಆ ಮೇಲುಕೀಳು ಅಳಿದಿದೆ. ಆದರೆ ಅಚ್ಚಾದ ನಾಲ್ಕು ಸಾಲು ಓದಿ ಮುಗಿಸುವ ಆ ಗಳಿಗೆಯಲ್ಲಿ, ಯಾರಿಂದ ಕಿತ್ತುಕೊಂಡೆ, ಯಾವಾಗ ಹಿಂದಿರುಗಿಸುತ್ತೀ ಎಂದು ಒಬ್ಬನನ್ನು ಹೆಸರು ಹಿಡಿದು ಕೇಳುವವರಿಲ್ಲ.