ವಿದ್ಯುತ್ ಕಾರಿನಲ್ಲಿ ಐಷಾರಾಮ: ಬಿಡಿಭಾಗ ತಯಾರಕರಿಗೊಂದು ಅವಕಾಶ

ವಿದ್ಯುತ್ ಚಾಲಿತ ಕಾರುಗಳಿಗೆ ತಮ್ಮದೇ ಆದ ವ್ಯಕ್ತಿತ್ವವಿಲ್ಲ, ಅವು ನಿಜವಾದ ಐಷಾರಾಮವನ್ನು ನೀಡಲಾರವು ಎಂಬ ಅಭಿಪ್ರಾಯ ಆಗಾಗ್ಗೆ ಕೇಳಿಬರುತ್ತದೆ. ಎಂಜಿನ್ನಿನ ಗರ್ಜನೆ ಹಾಗೂ ಗೇರು ಬದಲಾವಣೆಯ ಅನುಭವ ಇವುಗಳಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ.

ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ‘ರೇವಾ’ ಈ ಅಭಿಪ್ರಾಯದ ಮೊದಲರ್ಧವನ್ನು ಅಲ್ಲಗಳೆಯಿತು. ಎರಡು ಬಾಗಿಲಿನ, ಪ್ಲಾಸ್ಟಿಕ್ ಹೊರಮೈಯ ಈ ಪುಟ್ಟ ಕಾರು ದೂರದಿಂದಲೇ ಗುರುತು ಹತ್ತುತ್ತಿತ್ತು; ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಮಾರಾಟವಾಯಿತು. ಅದಕ್ಕೆ ವ್ಯಕ್ತಿತ್ವವಿತ್ತು, ಐಷಾರಾಮವಿರಲಿಲ್ಲ. ಉಳಿದರ್ಧಕ್ಕೆ ಉತ್ತರ ರೋಲ್ಸ್ ರಾಯ್ಸ್ ಸಂಸ್ಥೆಯದು. 2024ರಲ್ಲಿ ಭಾರತಕ್ಕೆ ಬಂದಾಗ ಅದರ ವಿದ್ಯುತ್ ಕಾರು ‘ಸ್ಪೆಕ್ಟರ್’ನ ಆರಂಭಿಕ ಬೆಲೆ 7.5 ಕೋಟಿ ರೂಪಾಯಿ ಇತ್ತು. ನಿಶ್ಶಬ್ದ ಪಯಣಕ್ಕೆ ಹೆಸರಾದ ಆ ಸಂಸ್ಥೆಗೆ ವಿದ್ಯುತ್ ಮೋಟಾರು ಹೇಳಿ ಮಾಡಿಸಿದಂತಿದೆ.

ಆದರೆ ಎಂಜಿನ್ನಿನ ಸದ್ದಡಗಿದೊಡನೆ, ಅದರ ಮರೆಯಲ್ಲಿದ್ದ ಟೈರಿನ ಸದ್ದು, ಗಾಳಿಯ ಸಿಳ್ಳು, ಬಾಗಿಲಿನ ಕಿರುಗುಟ್ಟುವಿಕೆ ಎದ್ದು ಕೇಳಿಸುತ್ತವೆ. ಆದುದರಿಂದ ವಿದ್ಯುತ್ ಕಾರಿನ ಐಷಾರಾಮವು ರಬ್ಬರ್ ಬೀಡಿಂಗ್, ಬುಷ್, ಸೀಟಿನ ಹೊಲಿಗೆ, ಸ್ವಿಚ್ಚುಗಳಂತಹ ಬಿಡಿಭಾಗಗಳ ಗುಣಮಟ್ಟವನ್ನೇ ಹೆಚ್ಚಾಗಿ ಅವಲಂಬಿಸಿದೆ.

ಸಣ್ಣ ತಯಾರಕರು ಗಮನಿಸಬೇಕಾದ ಅಂಶ ಇದೇ. ವಿದ್ಯುತ್ ಕಾರಿಗೆ ಪಿಸ್ಟನ್, ಸೈಲೆನ್ಸರ್, ಇಂಧನ ಟ್ಯಾಂಕುಗಳು ಬೇಕಿಲ್ಲ; ಮೇಲೆ ಹೇಳಿದ ಬಿಡಿಭಾಗಗಳು ಬೇಕೇ ಬೇಕು. ವಸಂತನರಸಾಪುರದಂತಹ ಕೈಗಾರಿಕಾ ಪ್ರದೇಶವು ಸಮೀಪದಲ್ಲಿರುವ ಮಧುಗಿರಿ, ಕೊರಟಗೆರೆ, ಶಿರಾ ಭಾಗದ ಉದ್ಯಮಿಗಳು ಕಾರು ಕಂಪನಿಗಳ ಶಬ್ದ ಹಾಗೂ ಕಂಪನ ನಿಯಂತ್ರಣದ ಮಾನದಂಡಗಳನ್ನು ಅರಿತು, ತಮ್ಮ ಉತ್ಪನ್ನಗಳನ್ನು ಪರೀಕ್ಷೆಗೆ ಒಳಪಡಿಸಿ ಸಿದ್ಧರಾಗುವುದು ಹಿತಕರ.