ಗಣಕಯಂತ್ರದ ಕಡವು

ಉಡುಪಿ ಜಿಲ್ಲೆಯ ಹಂಗಾರಕಟ್ಟೆಯು ಸೀತಾ ಮತ್ತು ಸ್ವರ್ಣಾ ನದಿಗಳು ಕಡಲನ್ನು ಸೇರುವೆಡೆಯಲ್ಲಿರುವ ಹಳೆಯ ಬಂದರು. ನೀರಿನ ಆಚೆಗೆ ಕೋಡಿ ಬೆಂಗ್ರೆ. ಅಲ್ಲಿಗೆ ನೇರವಾಗಿ ಹೋಗಬೇಕಾದರೆ ಕಡವು ದಾಟಬೇಕು. ಇಲ್ಲವಾದರೆ ರಸ್ತೆಯಲ್ಲಿ ಬಹುದೂರ ಸುತ್ತಬೇಕು. ಇಂಥ ಕಡವಿನ ದಡದಲ್ಲಿ ದೋಣಿ ಕಟ್ಟುವ ನಿಪುಣ ಬಡಗಿಯೊಬ್ಬನಿದ್ದಾನೆಂದೂ ಅವನಿಗೆ ಬೇಕಾದ ಹಲಗೆಗಳೆಲ್ಲ ಆಚೆಯ ದಡದಿಂದಲೇ ಬರಬೇಕೆಂದೂ ಊಹಿಸಿಕೊಳ್ಳಿರಿ. ಅವನ ಕೈ ಎಷ್ಟೇ ಚುರುಕಾಗಿದ್ದರೂ ಹಲಗೆ ಬಾರದೆ ಕೆಲಸ ಸಾಗದು. ಗಣಕಯಂತ್ರದ ಸ್ಥಿತಿಯೂ ಹೀಗೆಯೇ.

ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. ಯಕ್ಷಗಾನದಲ್ಲಿ ಹೆಜ್ಜೆಯು ತಾಳವನ್ನು ಅನುಸರಿಸುವಂತೆ, ಅದರ ಕೆಲಸವೆಲ್ಲ ಒಂದು ವಿದ್ಯುತ್ ಗಡಿಯಾರದ ಮಿಡಿತವನ್ನು ಅನುಸರಿಸುತ್ತದೆ. ಸೆಕೆಂಡಿಗೆ ನೂರು ಕೋಟಿ ಮಿಡಿತಗಳಾದರೆ ಅದು ಒಂದು ಗಿಗಾಹರ್ಟ್ಸ್. ಲೆಕ್ಕಕ್ಕೆ ಬೇಕಾದ ಮಾಹಿತಿಯು ಸ್ಮೃತಿಕೋಶದಲ್ಲಿರುತ್ತದೆ. ಅದನ್ನು ಪ್ರೊಸೆಸರಿಗೆ ತಂದು ಮುಟ್ಟಿಸುವ ತಂತಿಗಳ ಸಮೂಹವೇ ಬಸ್. ಕಡವಿನ ದೋಣಿಯಲ್ಲಿ ಹಿಡಿಸುವ ಹೊರೆ ಎಷ್ಟು, ಅದು ಎಷ್ಟು ಸಲ ಹೋಗಿಬರುತ್ತದೆ ಎಂಬ ಎರಡು ಸಂಗತಿಗಳಿಂದ ಸಾಗಾಟದ ಪ್ರಮಾಣ ನಿಶ್ಚಯವಾಗುವಂತೆ, ಬಸ್ಸಿನ ಸಾಮರ್ಥ್ಯವೂ ಅದರ ಅಗಲ ಮತ್ತು ವೇಗಗಳಿಂದ ನಿಶ್ಚಯವಾಗುತ್ತದೆ.

ಇದಕ್ಕೆ ನಮ್ಮ ನಾಡಿನದೇ ಒಂದು ನಿದರ್ಶನವಿದೆ. ಇಂಟೆಲ್ ಸಂಸ್ಥೆಯ ಬೆಂಗಳೂರಿನ ಇಂಜಿನಿಯರುಗಳು ವಿನ್ಯಾಸಗೊಳಿಸಿದ ಜಿಯಾನ್ 7400 ಶ್ರೇಣಿಯ ಪ್ರೊಸೆಸರು 2008ರ ಸೆಪ್ಟೆಂಬರಿನಲ್ಲಿ ಮಾರುಕಟ್ಟೆಗೆ ಬಂದಿತು. ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳಿದ್ದ ಆ ಬಿಲ್ಲೆಯಲ್ಲಿ ಲೆಕ್ಕ ಮಾಡುವ ಆರು ಘಟಕಗಳಿದ್ದವು. ಆ ಶ್ರೇಣಿಯ ಅತಿ ವೇಗದ ಮಾದರಿಯ ಗಡಿಯಾರ ಸೆಕೆಂಡಿಗೆ ಸುಮಾರು 266 ಕೋಟಿ ಬಾರಿ ಮಿಡಿಯುತ್ತಿತ್ತು. ಆದರೆ ಅದು ಹತ್ತು ಬಾರಿ ಮಿಡಿಯುವಷ್ಟರಲ್ಲಿ ಬಸ್ಸಿನ ಗಡಿಯಾರ ಮಿಡಿಯುತ್ತಿದ್ದುದು ಒಂದೇ ಬಾರಿ. ಆ ಒಂದು ಮಿಡಿತದಲ್ಲಿ ನಾಲ್ಕು ಸಲ, ಪ್ರತಿ ಸಲವೂ ಎಂಟು ಬೈಟುಗಳಂತೆ ಮಾಹಿತಿ ಸಾಗುತ್ತಿತ್ತು. ಸೆಕೆಂಡಿಗೆ ಸುಮಾರು 850 ಕೋಟಿ ಬೈಟುಗಳಾದವು. ಆರು ಘಟಕಗಳೂ ಇದನ್ನೇ ಹಂಚಿಕೊಳ್ಳಬೇಕಾಗಿತ್ತು.

ಬಸ್ಸನ್ನೂ ಅಷ್ಟೇ ವೇಗವಾಗಿ ಏಕೆ ಓಡಿಸಬಾರದು? ಆ ಪ್ರೊಸೆಸರಿನ ಒಂದು ಮಿಡಿತದ ಅವಧಿಯಲ್ಲಿ ಬೆಳಕು ಕೂಡ ಸುಮಾರು 11 ಸೆಂಟಿಮೀಟರು ಮಾತ್ರ ಚಲಿಸಬಲ್ಲದು. ಬಿಲ್ಲೆಯ ಒಳಗಿನ ದಾರಿಗಳು ಬಹಳ ಗಿಡ್ಡ. ಹೊರಗಿನ ತಂತಿಗಳು ಉದ್ದ. ಉದ್ದವಾದ ತಂತಿಗಳಲ್ಲಿ ವೇಗ ಹೆಚ್ಚಿದಂತೆಲ್ಲ ಸಂಕೇತಗಳು ಕಲಸಿಹೋಗುತ್ತವೆ.

ಆದುದರಿಂದ ಬಡಗಿಯು ಹಲಗೆಗಳನ್ನು ಕೈಯಳತೆಯಲ್ಲಿ ಕೂಡಿಟ್ಟುಕೊಳ್ಳುವಂತೆ, ಆಗಾಗ್ಗೆ ಬೇಕಾಗುವ ಮಾಹಿತಿಯನ್ನು ಪ್ರೊಸೆಸರಿನೊಳಗೇ ಇರಿಸುವ ಏರ್ಪಾಡನ್ನು ಮಾಡಿದರು. ಇದಕ್ಕೆ ಕ್ಯಾಶ್ ಎಂದು ಹೆಸರು. ಬೆಂಗಳೂರಿನ ಆ ಬಿಲ್ಲೆಯಲ್ಲಿ ಆರು ಘಟಕಗಳಿಗೂ ಸಮಾನವಾದ 16 ಮೆಗಾಬೈಟುಗಳ ಕ್ಯಾಶ್ ಇತ್ತು. 2008ರ ಕೊನೆಯಿಂದ ಇಂಟೆಲ್ ತನ್ನ ಹೊಸ ಪ್ರೊಸೆಸರುಗಳಲ್ಲಿ ಹಳೆಯ ಬಸ್ಸನ್ನು ಕ್ರಮವಾಗಿ ಕೈಬಿಟ್ಟು, ಸ್ಮೃತಿಕೋಶಕ್ಕೆ ನೇರವಾದ ದಾರಿಗಳನ್ನು ಕಲ್ಪಿಸಿತು.

ಗಣಕಯಂತ್ರವನ್ನು ಕೊಳ್ಳುವವರು ಗಿಗಾಹರ್ಟ್ಸಿನ ಸಂಖ್ಯೆಯೊಂದನ್ನೇ ನೋಡಿ ಹೆಚ್ಚು ಹಣ ತೆರುವುದುಂಟು. ಕೆಲಸಗಾರನ ಚುರುಕಿನ ಜೊತೆಗೆ ಅವನಿಗೆ ಸಾಮಗ್ರಿ ಒದಗುವ ದಾರಿಯನ್ನೂ ವಿಚಾರಿಸುವುದು ವಿವೇಕ. ಕಾದು ಕುಳಿತ ಕೈಗೆ ವೇಗವಿದ್ದೂ ಫಲವಿಲ್ಲ.