ಹೂವಿಗೆ ತೆರಿಗೆಯಿಲ್ಲ, ಹೂವಿನ ಅಲಂಕಾರಕ್ಕಿದೆ

ಹೂವಿನ ವ್ಯಾಪಾರವು ಗಡಿಯಾರದೊಡನೆ ನಡೆಯುವ ವ್ಯಾಪಾರ. ಬೆಳಗಿನ ಜಾವ ಸಗಟು ಮಾರುಕಟ್ಟೆಯಲ್ಲಿ ತೂಕದ ಲೆಕ್ಕದಲ್ಲಿ ಕೊಂಡ ಸೇವಂತಿಗೆ, ಚೆಂಡುಹೂ, ಸುಗಂಧರಾಜಗಳನ್ನು ಅಂಗಡಿಯವರು ಕಟ್ಟಿ ಮೊಳ, ಮಾರಿನ ಲೆಕ್ಕದಲ್ಲಿ ಮಾರುತ್ತಾರೆ. ಸಂಜೆಯ ಹೊತ್ತಿಗೆ ಬೆಲೆ ಇಳಿಯುತ್ತದೆ. ಉಳಿದದ್ದು ಮರುದಿನ ತಿಪ್ಪೆಗೆ ಸೇರುತ್ತದೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ಆಯುಧಪೂಜೆಗಳಲ್ಲಿ ಗಗನಕ್ಕೇರುವ ದರ ಪಿತೃಪಕ್ಷದಲ್ಲಿ ನೆಲ ಕಚ್ಚುತ್ತದೆ.

ಮಂಡ್ಯ, ಮದ್ದೂರು, ಮಳವಳ್ಳಿಗಳ ವರ್ತಕರ ಪರಿಸ್ಥಿತಿ ಇನ್ನೂ ವಿಶಿಷ್ಟವಾದುದು. ಮೈಸೂರಿನ ದೇವರಾಜ ಮಾರುಕಟ್ಟೆ ಮತ್ತು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ ಎಂಬ ಎರಡು ದೊಡ್ಡ ಪೇಟೆಗಳ ನಡುವೆ ಈ ಪಟ್ಟಣಗಳಿವೆ. ಮಂಡ್ಯದಿಂದ ಮೈಸೂರು ಸುಮಾರು 45 ಕಿ.ಮೀ., ಬೆಂಗಳೂರು ಸುಮಾರು 100 ಕಿ.ಮೀ. ಭೌಗೋಳಿಕ ಸೂಚಕ ಪಡೆದ ಮೈಸೂರು ಮಲ್ಲಿಗೆಯನ್ನು ನಮ್ಮ ಜಿಲ್ಲೆಯ ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿಯೂ ಬೆಳೆಯುತ್ತಾರೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಯಿತು. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೋಗಳಿಗೆ ನಿರ್ಬಂಧ ಬಂದುದರಿಂದ, ಅವುಗಳಲ್ಲಿ ಮೂಟೆ ಸಾಗಿಸುವ ಸಣ್ಣ ವರ್ತಕನಿಗೆ ಸೇವಾರಸ್ತೆಯೇ ಗತಿಯಾಗಿದೆ.

ಬಿಡಿಹೂವಿನ ಲಾಭ ತೆಳುವಾದುದರಿಂದ ಅನೇಕ ಅಂಗಡಿಯವರು ಗುಲಾಬಿ, ಜರ್ಬೆರಾ ತರಿಸಿ ಮದುವೆ ಮಂಟಪ, ಆರತಕ್ಷತೆಯ ವೇದಿಕೆ, ವಾಹನಗಳ ಅಲಂಕಾರವನ್ನು ವಹಿಸಿಕೊಳ್ಳುತ್ತಿದ್ದಾರೆ. ತೆರಿಗೆಯ ಪ್ರಶ್ನೆ ಉದ್ಭವಿಸುವುದು ಇಲ್ಲಿಯೇ.

ವಿನಾಯಿತಿ ಎಲ್ಲಿಯವರೆಗೆ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳನ್ನು ಆಧರಿಸಿ ಸಾವಿರಾರು ಸಣ್ಣ ವರ್ತಕರಿಗೆ ನೋಟಿಸು ನೀಡಿದ್ದನ್ನು ಓದುಗರು ಮರೆತಿರಲಾರರು. ಹಾಲು, ಹಣ್ಣು, ತರಕಾರಿಯಂತಹ ವಿನಾಯಿತಿ ಸರಕುಗಳನ್ನಷ್ಟೇ ಮಾರುವವರ ಮೇಲೆ ಕ್ರಮವಿಲ್ಲವೆಂದು ಸರ್ಕಾರ ಅನಂತರ ಸ್ಪಷ್ಟಪಡಿಸಿತು. ತಾಜಾ ಹೂವಿಗೂ ಜಿ.ಎಸ್.ಟಿ. ಇಲ್ಲ. ಹೂವನ್ನು ಮಾತ್ರ ಮಾರುವವರು, ವಹಿವಾಟು ಎಷ್ಟೇ ಇರಲಿ, ಕಾಯಿದೆಯ 23ನೆಯ ಕಲಮಿನ ಪ್ರಕಾರ ನೋಂದಣಿ ಮಾಡಿಸಬೇಕಾಗಿಲ್ಲ.

ಆದರೆ ಅಲಂಕಾರವು ಸೇವೆ, ಅದಕ್ಕೆ ಶೇ. 18 ತೆರಿಗೆ. ಸೇವೆಯನ್ನೂ ಒದಗಿಸುವವರಿಗೆ ನೋಂದಣಿಯ ಮಿತಿ 20 ಲಕ್ಷ ರೂಪಾಯಿ. ಈ ಮಿತಿಯನ್ನು ಅಳೆಯುವಾಗ ತೆರಿಗೆಯಿಲ್ಲದ ಹೂವಿನ ಮಾರಾಟವನ್ನೂ ಸೇರಿಸಬೇಕೆಂಬುದು ಬಹುಮಂದಿಗೆ ತಿಳಿದಿಲ್ಲ.

ಉದಾಹರಣೆಗೆ, ಒಬ್ಬ ವರ್ತಕರ ವರ್ಷದ ಹೂವಿನ ಮಾರಾಟ 24 ಲಕ್ಷ, ಅಲಂಕಾರದ ಗಳಿಕೆ 3 ಲಕ್ಷ ಎಂದುಕೊಳ್ಳೋಣ. ಒಟ್ಟು 27 ಲಕ್ಷವಾದುದರಿಂದ ನೋಂದಣಿ ಕಡ್ಡಾಯ. ನೋಂದಣಿಯ ನಂತರದ ವರ್ಷ ಇಷ್ಟೇ ವಹಿವಾಟು ನಡೆದರೆ ತೆರಿಗೆ ಬೀಳುವುದು 3 ಲಕ್ಷದ ಮೇಲೆ ಮಾತ್ರ, ಅಂದರೆ 54,000 ರೂಪಾಯಿ. ಇದನ್ನು ಬಿಲ್ಲಿನಲ್ಲಿ ಗ್ರಾಹಕರಿಂದ ಪಡೆಯಬಹುದು. ನೋಂದಣಿಯಿಲ್ಲದೆ ವರ್ಷಗಳನ್ನು ಕಳೆದವರು ಬಾಕಿ ತೆರಿಗೆಯನ್ನು ಬಡ್ಡಿ, ದಂಡಗಳೊಡನೆ ಸ್ವಂತ ಜೇಬಿನಿಂದ ತೆರಬೇಕಾಗುತ್ತದೆ.

ಇನ್ನೊಂದು ಎಚ್ಚರಿಕೆ. ಸೇವೆ ಒದಗಿಸುವವರಿಗಾಗಿ ಇರುವ ಶೇ. 6ರ ರಾಜಿ ತೆರಿಗೆ ಪದ್ಧತಿ ಮೇಲ್ನೋಟಕ್ಕೆ ಅಗ್ಗವೆನಿಸುತ್ತದೆ. ಆದರೆ ಅದನ್ನು ಗ್ರಾಹಕರಿಂದ ಪಡೆಯುವಂತಿಲ್ಲ.

ವರ್ತಕರು ಮಾಡಬೇಕಾದುದು

ಮೊದಲನೆಯದಾಗಿ, ಬಿಡಿಹೂವಿನ ಮಾರಾಟಕ್ಕೂ ಅಲಂಕಾರದ ಗುತ್ತಿಗೆಗೂ ಬೇರೆ ಬೇರೆ ಪುಸ್ತಕ, ಸಾಧ್ಯವಾದರೆ ಬೇರೆ ಬೇರೆ ಯುಪಿಐ ಖಾತೆ ಇರಿಸಿಕೊಳ್ಳುವುದು ಲೇಸು. ಎರಡನೆಯದಾಗಿ, ಅಲಂಕಾರದ ಗುತ್ತಿಗೆಯಲ್ಲಿ ಬಳಸಿದ ಹೂವಿನ ಬೆಲೆಯೂ ಸೇವೆಯ ಮೌಲ್ಯದಲ್ಲಿಯೇ ಸೇರುವುದೆಂಬುದನ್ನು ನೆನಪಿಡಬೇಕು. ಅಲಂಕಾರದ ಕೆಲಸವಿಲ್ಲದೆ ಹೂವನ್ನಷ್ಟೇ ತಲುಪಿಸಿದಾಗ ಅದಕ್ಕೆ ಪ್ರತ್ಯೇಕ ಬಿಲ್ಲು ಬರೆಯಬೇಕು. ಮೂರನೆಯದಾಗಿ, ರೈತರಿಂದ ಮತ್ತು ಮಂಡಿಯಿಂದ ಕೊಂಡ ಹೂವಿನ ದಿನಾಂಕ, ತೂಕ, ದರ ಹಾಗೂ ಬಾಡಿ ಹಾಳಾದ ಪ್ರಮಾಣವನ್ನು ಪ್ರತಿದಿನ ಒಂದು ಸಾಲಿನಲ್ಲಾದರೂ ಬರೆದಿಡಬೇಕು.

ಹೂವು ಒಂದು ದಿನ ಬಾಳುತ್ತದೆ. ಅದರ ಹಣ ಜಮೆಯಾದ ದಾಖಲೆ ವರ್ಷಗಟ್ಟಲೆ ಉಳಿಯುತ್ತದೆ. ಆ ಜಮೆ ಯಾವುದರದ್ದೆಂದು ಹೇಳಬಲ್ಲ ಲೆಕ್ಕಪುಸ್ತಕವೂ ಅಂಗಡಿಯಲ್ಲಿರಲಿ.